ಹತ್ತಿರದ ದಾರಿ

2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಏರ್ ಇಂಡಿಯಾ ವಿಮಾನ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು, ಆ ಸುದ್ದಿಗೆ ನಾವೂ ಹಿಗ್ಗಿದೆವು. ನೇರ ದೂರ ಸುಮಾರು 14,000 ಕಿ.ಮೀ., ಹಿಡಿದದ್ದು ಹದಿನೇಳು ಗಂಟೆ ಆಸುಪಾಸು. ಭೂಮಿ ದುಂಡಗೈತಲ್ಲ, ಉತ್ತರ ಧ್ರುವದ ಮೇಲೆ ಹಾದರೆ ದಾರಿ ಹತ್ತಿರ.

ಆ ಕೆಂಪೇಗೌಡರ ಸಮಾಧಿ ಇರುವುದು ನಮ್ಮ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ಇದೇ ಸೀಮೆಯ ನಮ್ಮೂರಲ್ಲಿ ಕೇರಿಯಿಂದ ಮಸಣಕ್ಕೆ ಊರಬೀದಿ ಹಿಡಿದರೆ ಹತ್ತು ನಿಮಿಷ. ನಮ್ಮ ಹೆಣಕ್ಕೆ ಆ ಬೀದಿ ಇಲ್ಲ. 'ಹಿಂದ್ಲಿಂದ ಹೆಂಗೆ ಹೋಗ್ತಿದ್ರೋ ಹಂಗೇ ಹೋಗ್ರೋ' ಅಂತಾರೆ. ಬದುವಿನ ಮೇಲೆ, ಕೆರೆಯ ಹಿಂದೆ ಸುತ್ತಿದರೆ ಮುಕ್ಕಾಲು ಗಂಟೆ. ಹೋದ ಮಳೆಗಾಲದಲ್ಲಿ ಅಜ್ಜಿಯನ್ನು ಹೊತ್ತೆವು. ಕೆಸರಲ್ಲಿ ಹೆಗಲು ಬದಲಿಸುತ್ತ, ಒಂದು ಗಂಟೆ ಹತ್ತು ನಿಮಿಷ.