ಮೂರು ವರಹದ ಕೂಲಿ

ಕವಿಗಳು ಬರೆದ ಪ್ರವಾಸಕಥನಗಳಿಗಿಂತ ವ್ಯಾಪಾರಿಗಳು ಬರೆದವು ನನಗೆ ಹೆಚ್ಚು ಪ್ರಿಯ. ಕವಿ ಬೆಟ್ಟದ ಸೊಬಗಿಗೆ ಮನಸೋತು ನಿಂತಲ್ಲಿ, ವ್ಯಾಪಾರಿ ಆ ಬೆಟ್ಟವನ್ನು ದಾಟಿಸಲು ಎತ್ತಿನ ಬಾಡಿಗೆ ಎಷ್ಟೆಂದು ಬರೆದಿಡುತ್ತಾನೆ. ಪ್ಯಾರಿಸ್ಸಿನ ರತ್ನವ್ಯಾಪಾರಿ ಜೀನ್ ಬ್ಯಾಪ್ಟಿಸ್ಟ್ ಟ್ಯಾವರ್ನಿಯರ್ ಅಂಥವನು. 1605ರಲ್ಲಿ ಭೂಪಟ ಮಾರುವವನ ಮಗನಾಗಿ ಹುಟ್ಟಿ, 1668ರ ಹೊತ್ತಿಗೆ ಆರು ಬಾರಿ ಪೂರ್ವದೇಶಗಳನ್ನು ಸುತ್ತಿದ. ಇಸ್ಫಹಾನ್, ಸೂರತ್, ಢಾಕಾ, ದೂರದ ಬಟೇವಿಯಾ ಎಲ್ಲವನ್ನೂ ಕಂಡ. 1665ರ ನವೆಂಬರಿನಲ್ಲಿ ಔರಂಗಜೇಬನ ರತ್ನಗಳನ್ನು ಕೈಯಲ್ಲಿ ಹಿಡಿದು ನೋಡಿದ. 1676ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥವನ್ನು ನಾನು ಓದಿದ್ದು ಭೂವಿಜ್ಞಾನಿ ವ್ಯಾಲೆಂಟೈನ್ ಬಾಲ್ 1889ರಲ್ಲಿ ಹೊರತಂದ ಇಂಗ್ಲಿಷ್ ಅನುವಾದದಲ್ಲಿ.

ಗ್ರಂಥದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅರಮನೆಗಳ ವರ್ಣನೆಯಲ್ಲ, ರಾವಲಕೊಂಡದ ವಜ್ರದ ಗಣಿಯ ಅಧ್ಯಾಯ. ಅವನ ಲೆಕ್ಕದಲ್ಲಿ ಅದು ಗೋಲ್ಕೊಂಡದಿಂದ ಐದು ದಿನ, ಬಿಜಾಪುರದಿಂದ ಎಂಟೊಂಬತ್ತು ದಿನಗಳ ಹಾದಿ. ಕರ್ನೂಲಿನ ಸಮೀಪದ ಇಂದಿನ ರಾಮಳ್ಳಕೋಟವೇ ಅದೆಂದು ಬಾಲ್ ಗುರುತಿಸಿದ್ದಾನೆ. ಅಲ್ಲಿ ಪ್ರತಿದಿನ ಬೆಳಿಗ್ಗೆ ವರ್ತಕರ ಮಕ್ಕಳು, ಹತ್ತರಿಂದ ಹದಿನೈದು ಹದಿನಾರು ವಯಸ್ಸಿನವರು, ತಕ್ಕಡಿ ಮತ್ತು ಹಣದ ಚೀಲ ಹಿಡಿದು ಮರದಡಿ ಕೂರುತ್ತಿದ್ದರು. ಬಂದ ಹರಳನ್ನು ಮೊದಲು ಹಿರಿಯ ಹುಡುಗ ಪರೀಕ್ಷಿಸಿ, ಮಾತಿಲ್ಲದೆ ಪಕ್ಕದವನಿಗೆ ದಾಟಿಸುತ್ತಿದ್ದ. ಸಂಜೆ ಲಾಭವನ್ನು ಹಂಚಿಕೊಳ್ಳುವಾಗ ಹಿರಿಯನಿಗೆ ಶೇಕಡ ಕಾಲುಭಾಗ ಹೆಚ್ಚು.

ದೊಡ್ಡವರ ವ್ಯಾಪಾರ ಇದಕ್ಕಿಂತಲೂ ಮೌನದ್ದು. ಇಬ್ಬರು ಎದುರುಬದುರು ಕುಳಿತು, ನಡುವಿನ ವಸ್ತ್ರದ ಮರೆಯಲ್ಲಿ ಕೈ ಹಿಡಿಯುತ್ತಿದ್ದರು. ಇಡೀ ಹಸ್ತವನ್ನು ಅದುಮಿದರೆ ಸಾವಿರ, ಒಂದು ಬೆರಳಿಗೆ ನೂರು, ಬೆರಳಿನ ನಡುಗೆಣ್ಣಿನವರೆಗೆ ಐವತ್ತು, ತುದಿಗೆಣ್ಣಿಗೆ ಹತ್ತು. ಸುತ್ತ ಎಷ್ಟು ಜನರಿದ್ದರೂ ಬೆಲೆ ಆ ಇಬ್ಬರಿಗಷ್ಟೇ ತಿಳಿಯುತ್ತಿತ್ತು.

ಈ ಸಾಲುಗಳನ್ನು ಓದಿದಾಗ ನನಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆ ನೆನಪಾಯಿತು. ಎಂಟು ವರ್ಷದವನಾಗಿದ್ದ ನನ್ನನ್ನು ಅಜ್ಜ ಜೊತೆಗೆ ಕರೆದೊಯ್ದಿದ್ದರು. ದಲ್ಲಾಳಿ ಹೆಗಲ ಮೇಲಿನ ವಸ್ತ್ರವನ್ನು ಅಜ್ಜನ ಕೈಮೇಲೆ ಹಾಕಿ, ಒಳಗೆ ಬೆರಳು ಹಿಡಿದು ಮುಖ ನೋಡುತ್ತಿದ್ದ, ಅಜ್ಜ ತಲೆಯಲ್ಲಾಡಿಸುತ್ತಿದ್ದರು. ಹೀಗೆಯೇ ನಮ್ಮ ಜೋಡೆತ್ತು ಮಾರಾಟವಾದವು. ಅವುಗಳನ್ನು ಕರುಗಳಿದ್ದಾಗಿನಿಂದ ಮೇಯಿಸಿ ಮೈ ತಿಕ್ಕಿ ಬೆಳೆಸಿದ ನಮ್ಮ ಮನೆಯ ಸಾಲಿನ ಆಳು ಹಗ್ಗ ಹಿಡಿದು ಎರಡು ಮಾರು ದೂರ ನಿಂತಿದ್ದ. ಬೆಲೆ ಎಷ್ಟಾಯಿತೆಂದು ಅವನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಹಿಂದಿರುಗುವಾಗ ಅಜ್ಜ ಅವನಿಗೊಂದು ಹೊಸ ರುಮಾಲು ಕೊಡಿಸಿದರು. ಅವನು ಅದನ್ನು ಸುತ್ತಿಕೊಳ್ಳದೆ ಊರಿನವರೆಗೂ ಮಡಿಕೆ ಮುರಿಯದಂತೆ ಕಂಕುಳಲ್ಲಿ ಇಟ್ಟುಕೊಂಡಿದ್ದ.

ಟ್ಯಾವರ್ನಿಯರ್ ಕಂಡ ಗಣಿಯಲ್ಲಿಯೂ ಒಂದು ರುಮಾಲಿದೆ. ಬಂಡೆಯ ಬಿರುಕುಗಳು ಬೆರಳಗಲಕ್ಕಿಂತ ಹೆಚ್ಚಿರಲಿಲ್ಲವಾದ್ದರಿಂದ ಕೂಲಿಗಳು ತುದಿ ಬಾಗಿಸಿದ ಕಬ್ಬಿಣದ ಸಲಾಕೆಗಳಿಂದ ಒಳಗಿನ ಮಣ್ಣನ್ನು ಕೆದಕಿ ತೆಗೆಯಬೇಕಿತ್ತು. ಕೆಲಸದಲ್ಲಿ ನುರಿತವರಾಗಿದ್ದರೂ ಅವರಿಗೆ ವರ್ಷಕ್ಕೆ ಸಿಗುತ್ತಿದ್ದುದು ಮೂರು ವರಹ. ಇಷ್ಟು ಕಡಿಮೆ ಸಂಬಳವಿದ್ದುದರಿಂದ ಹರಳನ್ನು ಬಚ್ಚಿಡಲು ಅವರು ಹಿಂಜರಿಯುತ್ತಿರಲಿಲ್ಲ ಎಂದು ಅವನೇ ಬರೆಯುತ್ತಾನೆ. ಮೈಮೇಲೆ ತುಂಡುಬಟ್ಟೆಯಷ್ಟೇ ಇದ್ದವರು ಹರಳನ್ನು ನುಂಗುತ್ತಿದ್ದರು; ಒಬ್ಬನಂತೂ ಕಣ್ಣಿನ ಮೂಲೆಯಲ್ಲಿ ಅಡಗಿಸಿಟ್ಟಿದ್ದ. ಐವತ್ತು ಕೂಲಿಗಳಿಗೆ ಹನ್ನೆರಡು, ಹದಿನೈದು ಕಾವಲುಗಾರರು. ದೊಡ್ಡ ಹರಳನ್ನು ಪ್ರಾಮಾಣಿಕವಾಗಿ ತಂದೊಪ್ಪಿಸಿದವನಿಗೆ ಬಹುಮಾನ ಒಂದು ರುಮಾಲಿನ ಬಟ್ಟೆ, ಜೊತೆಗೆ ಅರ್ಧ ವರಹವೋ ಒಂದು ವರಹವೋ, ಇಲ್ಲವೇ ಅಕ್ಕಿ ಮತ್ತು ಸಕ್ಕರೆ.

ಕೃಷ್ಣಾ ತೀರದ ಕೊಲ್ಲೂರಿಗೂ ಅವನು ಹೋದ. ಇದು ಮೂಕಾಂಬಿಕೆಯ ಕೊಲ್ಲೂರಲ್ಲ, ಗೋಲ್ಕೊಂಡದ ಪೂರ್ವಕ್ಕಿದ್ದ ವಜ್ರದ ಊರು. ಗಂಡಸರು ಅಗೆದು, ಹೆಂಗಸರು ಮಕ್ಕಳು ಮಣ್ಣು ಹೊತ್ತು, ಸುಮಾರು ಅರವತ್ತು ಸಾವಿರ ಜನ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಅಗೆತಕ್ಕೆ ಮುನ್ನ ದೇವರಿಗೆ ಅಡ್ಡಬಿದ್ದು ಹಣೆಗಿಟ್ಟುಕೊಳ್ಳುತ್ತಿದ್ದ ಅಕ್ಕಿಕಾಳುಗಳನ್ನೂ ಏಳೆಂಟು ಎಂದು ಎಣಿಸಿದ್ದಾನೆ. ಲೆಕ್ಕದ ಈ ಚಟವೇ ಅವನ ದೊಡ್ಡ ಗುಣವೆಂದು ನನ್ನ ಭಾವನೆ. ಕೂಲಿಗಳ ಬಗ್ಗೆ ಅವನಿಗೆ ವಿಶೇಷ ಕನಿಕರವಿತ್ತೆಂದು ಹೇಳಲಾರೆ. ಆದರೆ ಹರಳಿನ ಬೆಲೆಯ ಜೊತೆಗೆ ಅದನ್ನು ತೆಗೆದವನ ಕೂಲಿಯನ್ನೂ ಬರೆದಿಟ್ಟ. ಅದಿಲ್ಲದಿದ್ದರೆ ಇಂದು ನಮಗೆ ಸಿಗುತ್ತಿದ್ದುದು ಹರಳಿನ ಕಥೆ ಮಾತ್ರ.

ಹರಳಿನ ಕಥೆಗೆ ಕೊರತೆಯೇನಿಲ್ಲ. ಕೊಲ್ಲೂರಿನದೆಂದು ಸಾಮಾನ್ಯವಾಗಿ ನಂಬಲಾಗುವ, ಸುಮಾರು 112 ಹಳೆಯ ಕ್ಯಾರೆಟ್ಟಿನ ನೀಲಿ ವಜ್ರವನ್ನು ಟ್ಯಾವರ್ನಿಯರ್ ಹದಿನಾಲ್ಕನೆಯ ಲೂಯಿಗೆ ಮಾರಿದ. ಅದನ್ನು ಮರುಕೆತ್ತಿಸಿದರು, 1792ರಲ್ಲಿ ಕಳುವಾಯಿತು, ಹೋಪ್ ವಜ್ರವಾಗಿ 1958ರಿಂದ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಇಂದಿನ ತೂಕ 45.52 ಕ್ಯಾರೆಟ್. ವ್ಯಾಪಾರಿಯಾದರೋ ಜಹಗೀರು ಕೊಂಡು, ಮಾರಿ, ಮತ್ತೆ ಪೂರ್ವಕ್ಕೆ ಹೊರಟು 1689ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ.

ನಾನಿರುವುದು ಹೈದರಾಬಾದಿನಲ್ಲಿ, ಊರಿನಿಂದ ನೆಂಟರು ಬಂದಾಗಲೆಲ್ಲ ಗೋಲ್ಕೊಂಡ ಕೋಟೆಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಅವರು ತಪ್ಪದೆ ಕೇಳುವುದು ಕೊಹಿನೂರಿನ ಬೆಲೆಯನ್ನು. ಈಚೆಗೆ ನಾನು ಅವರಿಗೆ ಮೂರು ವರಹದ ವಿಷಯವನ್ನು ಮೊದಲು ಹೇಳುತ್ತೇನೆ.