ನನ್ನ ಲಂಗದ 23 ನೆರಿಗೆ

ಈ ಸಲದ ಗೋಡೆ ಪತ್ರಿಕೆಗೆ ನೀವೇ ಮಾಡಿದ ಒಂದು ಕೆಲಸದ ಬಗ್ಗೆ ಬರೆಯಿರಿ ಎಂದು ಕನ್ನಡ ಮೇಷ್ಟ್ರು ಹೇಳಿದರು. ಸುಮಾರು ಜನ ಗಿಡ ನೆಟ್ಟದ್ದನ್ನು ಬರೆದಿದ್ದಾರೆ. ನಾನು ನನ್ನ ಯೂನಿಫಾರಂ ಲಂಗವನ್ನು ನಾನೇ ಹೊಲಿದುಕೊಂಡದ್ದನ್ನು ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಇದೆ. ಮುಂಚೆ ಅವ್ವ ಊರಿನವರಿಗೆಲ್ಲ ರವಿಕೆ, ಲಂಗ ಹೊಲಿದು ಕೊಡುತ್ತಿದ್ದಳು. ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಿಗ್ಗೆ ಆರೂವರೆಗೆ ವ್ಯಾನ್ ಬರುತ್ತದೆ, ವಾಪಸ್ಸು ಬರುವಾಗ ಕತ್ತಲಾಗಿರುತ್ತದೆ. ದಿನವೆಲ್ಲಾ ಹೊಲಿದು ಬಂದವಳಿಗೆ ಮತ್ತೆ ಮೆಷಿನ್ ಮುಂದೆ ಕೂತ್ಕೊ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನನ್ನ ಹಳೇ ಲಂಗದ ಹುಕ್ಕು ಹತ್ತುತ್ತಿರಲಿಲ್ಲ, ಪಿನ್ನು ಚುಚ್ಚಿಕೊಂಡು ಬರುತ್ತಿದ್ದೆ. ಅದು ನಿಮ್ಮಲ್ಲಿ ಕೆಲವರಿಗೆ ಗೊತ್ತು, ನಕ್ಕವರೂ ಇದ್ದೀರಿ. ಹೊಸ ನೀಲಿ ಬಟ್ಟೆ ಎರಡು ತಿಂಗಳಿಂದ ಟ್ರಂಕಿನಲ್ಲೇ ಇತ್ತು. "ಭಾನುವಾರ ಹೊಲಿತೀನಿ" ಅಂತಿದ್ದಳು ಅವ್ವ. ಭಾನುವಾರ ಬಂದರೆ ಬಟ್ಟೆ ಒಗೆಯೋದು, ರಾಗಿ ಮಿಲ್ಲಿಗೆ ಹೋಗೋದು. ಆಗಸ್ಟ್ 15ರ ಡ್ರಿಲ್ಲಿಗೆ ನಾನು ಮುಂದಿನ ಸಾಲು. ಇನ್ನು ಎಂಟೇ ದಿನ. ಟೈಲರನ್ನು ಕೇಳಿದರೆ ಹದಿನೈದು ದಿನ ಆಗುತ್ತೆ ಅಂದರು.

ಅಜ್ಜಿ ಅಂದಳು, "ನೀನೇ ಹೊಲ್ಕೊ. ನಿಮ್ಮವ್ವ ನಿನ್ನ ವಯಸ್ಸಲ್ಲೇ ಹೊಲಿಯೋಳು."

ಮೊದಲು ದಾರ ಹಾಕದೆ ಹಳೇ ನೋಟ್‌ಬುಕ್ಕಿನ ಹಾಳೆ ಇಟ್ಟು ಗೆರೆ ಮೇಲೇ ಹೊಲಿಯೋದನ್ನು ಕಲಿತೆ. ಕೈಯಲ್ಲಿ ಚಕ್ರ ಮುಂದಕ್ಕೆ ತಿರುಗಿಸಿ ಆಮೇಲೆ ತುಳಿಯಬೇಕು. ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಾಗಿ ಕಿತ್ತು ಹೋಗುತ್ತದೆ. ನನಗೆ ಎಷ್ಟು ಸಲ ಕಿತ್ತು ಹೋಯಿತು ಅಂತ ಬರೆದರೆ ಈ ಹಾಳೆ ಸಾಲದು. ಪೇಪರ್ ಹೊಲಿದು ಸೂಜಿ ಮೊಂಡಾಯಿತು ಅಂತ ಅವ್ವನ ಹತ್ತಿರ ಬೈಸಿಕೊಂಡೆ.

ಇನ್ನು ನೆರಿಗೆ. ಇದು ಪೂರ್ತಿ ಲೆಕ್ಕ. ಒಂದು ನೆರಿಗೆಗೆ 3 ಇಂಚು ಬಟ್ಟೆ ಬೇಕು. 1 ಇಂಚು ಹೊರಗೆ ಕಾಣುತ್ತದೆ, 2 ಇಂಚು ಒಳಗೆ ಮಡಚಿ ಹೋಗುತ್ತದೆ. ನನ್ನ ಸೊಂಟ 23 ಇಂಚು. ಅಂದರೆ 23 ನೆರಿಗೆ, 69 ಇಂಚು ಬಟ್ಟೆ. ಬಟ್ಟೆಯ ಪನ್ನ 36 ಇಂಚು, ಎರಡು ತುಂಡು ಸೇರಿಸಿದರೆ 72. ಮಿಕ್ಕ 3 ಇಂಚು ಜೋಡಿಸೋ ಹೊಲಿಗೆಗೆ ಮತ್ತು ಹುಕ್ಕಿನ ಕಡೆಗೆ. ಒಂದೂವರೆ ಮೀಟರ್ ಬಟ್ಟೆಯಲ್ಲಿ 26 ಇಂಚಿನ ಎರಡು ತುಂಡು ಕತ್ತರಿಸಿದೆ, ಉಳಿದದ್ದರಲ್ಲಿ ಸೊಂಟದ ಪಟ್ಟಿ. ಕತ್ತರಿ ಹಾಕುವಾಗ ಎದೆ ಡವಡವ ಅನ್ನುತ್ತಿತ್ತು. ಕೆಳಗಿನ ಅಂಚನ್ನು ಮೊದಲೇ ಮಡಚಿ ಹೊಲಿದುಬಿಡಬೇಕು, ನೆರಿಗೆ ಹಿಡಿದ ಮೇಲೆ ಆಗಲ್ಲ. ಅಲ್ಲಿ 3 ಇಂಚು ಒಳಕ್ಕೆ ಬಿಡು ಅಂತ ಅಜ್ಜಿ ಹೇಳಿದಳು, ಬಿಟ್ಟೆ. ಶಾಲೆಯಿಂದ ತಂದ ಚೂರು ಸೀಮೆಸುಣ್ಣದಲ್ಲಿ (ಮೇಷ್ಟ್ರು ಬೈಯಬಾರದು) ಗುರುತು ಹಾಕಿ, ನೆರಿಗೆ ಮಡಚಿ, ಮೇಲೆ ಪಟ್ಟಿ ಇಟ್ಟು ಹೊಲಿದೆ.

ಹಾಕಿಕೊಂಡು ನೋಡಿದರೆ ಸೊಂಟಕ್ಕೆ ಸುತ್ತಿ ಬರಲೇ ಇಲ್ಲ! ಮತ್ತೆ ಪಿನ್ನೇ ಗತಿ. ಮೂರು ದಿನ ಮಾತ್ರ ಉಳಿದಿತ್ತು. ಸಿಟ್ಟಿಗೆ ಬ್ಲೇಡಲ್ಲಿ ಹೊಲಿಗೆ ಬಿಚ್ಚೋಕೆ ಹೋಗಿ ಬಟ್ಟೆಯೂ ಒಂದು ಕಡೆ ಕೊಯ್ದು ಹೋಯಿತು. ಲಂಗ ಸುರುಳಿ ಸುತ್ತಿ ಮೆಷಿನ್ ಹಿಂದೆ ಹಾಕಿ ಮಲಗಿಬಿಟ್ಟೆ.

ಅವ್ವ ಬಂದು ಅದನ್ನು ತೆಗೆದಳು. ಟೇಪ್ ಕೂಡ ಹಿಡಿಯಲಿಲ್ಲ, ಬೆರಳಲ್ಲೇ ನೆರಿಗೆ ಸವರಿ, "ಒಂದೊಂದರಲ್ಲೂ ಒಂದೊಂದು ಗೆರೆ ಹೆಚ್ಚಿಗೆ ಒಳಗೆ ಹೋಗದೆ ಕಣಮ್ಮಿ, ಎದ್ದೇಳು" ಅಂದಳು. ಟೇಪಿನಲ್ಲಿ ಇಂಚಿಗೆ 8 ಗೆರೆ. 23 ನೆರಿಗೆಗೆ 23 ಗೆರೆ. 3 ಇಂಚಿಗೆ ಒಂದೇ ಗೆರೆ ಕಮ್ಮಿ! ನನ್ನ ಸೀಮೆಸುಣ್ಣದ ಗುರುತೇ ಅಷ್ಟು ದಪ್ಪ ಇತ್ತು. ಸೋಪಿನ ಚೂರು ಚೂಪು ಮಾಡಿ ಗುರುತು ಹಾಕಬೇಕಂತೆ.

ನೀನು ಹೊಲಿಬೇಡ, ನಾನೇ ಮಾಡ್ತೀನಿ ಅಂದೆ. ಅವ್ವ ನೆಲದ ಮೇಲೆ ಕೂತು ಪಿನ್ನಿನ ತುದಿಯಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿ ಕೊಟ್ಟಳು, ನಾನು ಮಡಚಿದೆ. ಗಾರ್ಮೆಂಟ್ಸಲ್ಲಿ ಇಂಥಾ ಲಂಗನೂ ಹೊಲಿತೀಯಾ ಅಂತ ಕೇಳಿದೆ. "ಇಲ್ಲ ಮಗಾ. ನಂಗೆ ಕಾಲರ್ ಒಂದೇ. ಕಾಲರ್ ಹೊಲಿದು ಪಕ್ಕದೋಳಿಗೆ ತಳ್ಳೋದು. ಅಂಗಿ ಪೂರ್ತಿ ಆಗೋದ ನಾನು ನೋಡೇ ಇಲ್ಲ" ಅಂದಳು. ಕೊಯ್ದ ಜಾಗ ಒಂದು ನೆರಿಗೆಯ ಒಳಗೆ ಹೋಗುವ ಹಾಗೆ ಅವಳೇ ತೋರಿಸಿಕೊಟ್ಟಳು. ಯಾವ ನೆರಿಗೆ ಅಂತ ನಾನು ಯಾರಿಗೂ ಹೇಳಲ್ಲ. ಮುಗಿಯುವಾಗ ಹನ್ನೊಂದು ಗಂಟೆ. ಹುಕ್ಕು ಮಾತ್ರ ಅವ್ವ ಹಾಕಿದಳು. ಆಮೇಲೆ ಲಂಗವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದಳು, ಮಲಗು ಅಂದರೂ ಮಲಗಲಿಲ್ಲ. ನೆರಿಗೆ ನಿಲ್ಲಲಿ ಅಂತ ಎರಡು ರಾತ್ರಿ ಅದನ್ನು ಅಜ್ಜಿಯ ಹಾಸಿಗೆ ಕೆಳಗೆ ಇಟ್ಟಿದ್ದೆವು.

ಆಗಸ್ಟ್ 15ರಂದು ಡ್ರಿಲ್ ಆಯಿತು, ಹುಕ್ಕು ಬಿಚ್ಚಿಕೊಳ್ಳಲಿಲ್ಲ. ಸಮಾಜ ಮೇಷ್ಟ್ರಿಗೆ ವಿಷಯ ಗೊತ್ತಾಗಿ ತರಗತಿಯಲ್ಲಿ ಸ್ಕಾಟ್ಲೆಂಡಿನ ಕಿಲ್ಟ್ ಬಗ್ಗೆ ಹೇಳಿದರು. ಅಲ್ಲಿ ಗಂಡಸರೇ ನೆರಿಗೆ ಲಂಗ ಹಾಕುತ್ತಾರಂತೆ, ಉಣ್ಣೆಯದು, ಚೌಕಳಿಯದು. ಹುಡುಗರೆಲ್ಲ ಹೋ ಅಂತ ನಕ್ಕರು. ದೊಡ್ಡ ಕಿಲ್ಟಿಗೆ 8 ಗಜ ಬಟ್ಟೆ ಹಿಡಿಯುತ್ತದಂತೆ. ನನ್ನದಕ್ಕೆ 2 ಗಜವೂ ಇಲ್ಲ! ಮುಂದೆ ಸಪಾಟು, ನೆರಿಗೆ ಹಿಂದೆ ಮಾತ್ರ. ಮಡಚಿದ ಮೇಲೂ ಚೌಕಳಿ ತಪ್ಪದ ಹಾಗೆ ಕಾಣಬೇಕು. 1746ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಹಾಕಬಾರದು ಅಂತ ಕಾನೂನು ಮಾಡಿತ್ತು, 1782ರಲ್ಲಿ ತೆಗೆದರು. ಹುಡುಗರು ಕಿಲ್ಟಿಗೆ ನಕ್ಕರು, ನನಗೆ ಮಾತ್ರ ಚೌಕಳಿ ತಪ್ಪದ ಹಾಗೆ ಮಡಚುವವರು ಗುರುತು ಯಾವುದರಲ್ಲಿ ಹಾಕುತ್ತಾರೋ ಅಂತ ಯೋಚನೆ.

ಮುಂದಿನ ವರ್ಷ ನಾನು ಹೈಸ್ಕೂಲಿಗೆ ಹೋಗುತ್ತೇನೆ, ಅಲ್ಲಿ ಬೇರೆ ಬಣ್ಣ. ಮತ್ತೆ 3 ಇಂಚು ಒಳಕ್ಕೆ ಯಾಕೆ ಬಿಡಿಸಿದೆ ಅಂತ ಅಜ್ಜಿಯನ್ನು ಕೇಳಿದೆ. ಅಜ್ಜಿ ತಂಗಿಯ ಕಡೆ ಕೈ ತೋರಿಸಿದಳು. ಅವಳು ನಾಲ್ಕನೇ ತರಗತಿ. ಈಗಲೇ ನಾನಿಲ್ಲದಾಗ ಲಂಗ ಸೊಂಟಕ್ಕೆ ಹಿಡಿದು ನೋಡಿಕೊಳ್ಳುತ್ತಾಳೆ. ಅವಳಿಗೆ ಅದು ಪಾದದ ಹತ್ತಿರ ಬರುತ್ತದೆ.

– ಏಳನೇ ತರಗತಿ ವಿದ್ಯಾರ್ಥಿನಿ