ನಿದ್ದೆಗೂ ಕರೆಂಟೇ?

ನಿದ್ದೆಯು ಅಲ್ಲಾಹನ ದೊಡ್ಡ ಅನುಗ್ರಹ. ದಿಂಬಿಗೆ ತಲೆಯಿಟ್ಟೊಡನೆ ಕಣ್ಣು ಮುಚ್ಚುವವರಿಗೆ ಅದರ ಬೆಲೆ ತಿಳಿಯದು. ನನ್ನ ದೊಡ್ಡಮ್ಮನಿಗೆ ಚೆನ್ನಾಗಿ ತಿಳಿದಿದೆ. ದೊಡ್ಡಪ್ಪ ತೀರಿಕೊಂಡಂದಿನಿಂದ ಅವರಿಗೆ ನಿದ್ದೆಯಿಲ್ಲ. 'ಈಮಾನ್ ಗಟ್ಟಿಯಿದ್ದರೆ ನಿದ್ದೆ ಬರುತ್ತದೆ' ಎಂದು ಕೆಲವರು ಉಪದೇಶಿಸಿದರು. ಐದು ಹೊತ್ತಿನ ನಮಾಝ್ ಬಿಡದ ಅವರಿಗೆ ಆ ಮಾತು ನಿದ್ದೆಗೇಡಿಗಿಂತ ಹೆಚ್ಚು ನೋವು ಕೊಟ್ಟಿತು.

ಕಳೆದ ರಜೆಯಲ್ಲಿ ಗಲ್ಫ್‌ನಿಂದ ಬಂದ ಅವರ ಮಗ ಒಂದು ಪುಟ್ಟ ಯಂತ್ರ ತಂದಿದ್ದ. ಎರಡೂ ಕಿವಿಯ ಹಾಲೆಗೆ ಕ್ಲಿಪ್ ಸಿಕ್ಕಿಸಿದರೆ ಬ್ಯಾಟರಿಯಿಂದ ಸಣ್ಣ ಕರೆಂಟು ಹರಿಯುತ್ತದಂತೆ. ದೊಡ್ಡಮ್ಮ ಹೆದರಿ ಕೇಳಿದರು: "ಮಗಳೇ, ಹುಚ್ಚರಿಗೆ ಕೊಡುವ ಶಾಕ್ ಅಲ್ಲವಾ ಇದು? ಇದು ಜಾಯಿಝಾ?"

ಇದು ಆ ಶಾಕ್ ಅಲ್ಲ. 1938ರಲ್ಲಿ ರೋಮ್‌ನಲ್ಲಿ ಆರಂಭವಾದ ಶಾಕ್ ಚಿಕಿತ್ಸೆಯಲ್ಲಿ ಬಲವಾದ ಕರೆಂಟಿನಿಂದ ಅಪಸ್ಮಾರದಂಥ ಸೆಳೆತ ಬರಿಸುತ್ತಾರೆ. ಈಗ ಅದನ್ನು ಅರಿವಳಿಕೆ ಕೊಟ್ಟು ಮಾಡುತ್ತಾರೆ. ಅದು ಕೂಡಾ ನಾಚಿಕೆಪಡುವ ವಿಷಯವಲ್ಲ. ಕಿವಿಗೆ ಸಿಕ್ಕಿಸುವ ಯಂತ್ರದ ಕರೆಂಟಾದರೋ ಕೆಲವೇ ಮಿಲಿ ಆಂಪಿಯರ್. ಸ್ವಲ್ಪ ಜುಮುಗುಟ್ಟುತ್ತದೆ, ಅಷ್ಟೇ. ಇಂಥ ಚಿಕಿತ್ಸೆಯನ್ನು ಸೋವಿಯತ್ ರಷ್ಯಾದ ವೈದ್ಯರು 'ವಿದ್ಯುತ್ ನಿದ್ರೆ' ಎಂಬ ಹೆಸರಲ್ಲಿ ದಶಕಗಳ ಹಿಂದೆಯೇ ಬಳಸಿದ್ದರು.

ಫಲವಿದೆಯೇ? 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಆತಂಕ ಮತ್ತು ನಿದ್ರಾಹೀನತೆಗೆ ಬಳಸುವ ಇಂಥ ಯಂತ್ರಗಳನ್ನು ಮಧ್ಯಮ ಅಪಾಯದ ವರ್ಗಕ್ಕೆ ಸೇರಿಸಿತು. ಆದರೆ 2018ರಲ್ಲಿ ಅಲ್ಲಿಯೇ ಪ್ರಕಟವಾದ ಒಂದು ಪರಿಶೀಲನೆಯು ನಿದ್ದೆಯ ವಿಷಯದಲ್ಲಿ ಸಾಕಷ್ಟು ಪುರಾವೆಯಿಲ್ಲ ಎಂದಿತು. ಅಂದರೆ, ಜಾಹೀರಾತು ಹೇಳುವಷ್ಟು ಖಚಿತ ಮದ್ದಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಅಪಸ್ಮಾರ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಜಾಯಿಝೇ ಎಂಬ ಪ್ರಶ್ನೆಗೆ ಉತ್ತರ ಸುಲಭ. ಚಿಕಿತ್ಸೆ ಮಾಡಿಸಿಕೊಳ್ಳಲು ಪ್ರವಾದಿವರ್ಯರು(ಸ) ಪ್ರೋತ್ಸಾಹಿಸಿದ್ದಾರೆ. ದುಆ ಮತ್ತು ಮದ್ದು ಒಂದಕ್ಕೊಂದು ವೈರಿಗಳಲ್ಲ. ಹಾನಿಯಿಲ್ಲದ ಚಿಕಿತ್ಸೆಗೆ ಅಡ್ಡಿಯಿಲ್ಲ.

ನಾನು ದೊಡ್ಡಮ್ಮನನ್ನು ಮನೋವೈದ್ಯರ ಬಳಿಗೆ ಕರೆದೊಯ್ದೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದು ದೀರ್ಘಕಾಲದ ನಿದ್ರಾಹೀನತೆ ಎಂದರು ಅವರು. ಥೈರಾಯ್ಡ್, ಖಿನ್ನತೆ ಇದೆಯೇ ಎಂದು ಪರೀಕ್ಷಿಸಿದರು. ಯಂತ್ರಕ್ಕೂ ಮಾತ್ರೆಗೂ ಮೊದಲು ಅಭ್ಯಾಸ ತಿದ್ದುವ ಚಿಕಿತ್ಸೆ ಎಂದರು. ನಿದ್ದೆ ಬಂದಾಗಲೇ ಮಲಗುವುದು, ಬಾರದಿದ್ದರೆ ಎದ್ದು ಕೂರುವುದು, ನಿತ್ಯ ಒಂದೇ ಹೊತ್ತಿಗೆ ಏಳುವುದು, ಹಗಲಿನ ದೀರ್ಘ ನಿದ್ದೆ ಬಿಡುವುದು. ಸುಬ್‌ಹಿಗೆ ತಪ್ಪದೆ ಏಳುವ ದೊಡ್ಡಮ್ಮನಿಗೆ ಇದರಲ್ಲಿ ಅರ್ಧ ಆಗಲೇ ರೂಢಿಯಲ್ಲಿತ್ತು. ನಮಾಝ್ ಮುಗಿಸಿ ಪುನಃ ಒರಗುವುದನ್ನಷ್ಟೇ ಬಿಡಬೇಕಿತ್ತು.

ಈಗ ಅವರಿಗೆ ನಾಲ್ಕೈದು ಗಂಟೆ ನಿದ್ದೆ ಬರುತ್ತಿದೆ, ಅಲ್‌ಹಮ್ದುಲಿಲ್ಲಾಹ್. ಯಂತ್ರ ಕಪಾಟಿನಲ್ಲಿದೆ, ಬೇಕಾದರೆ ಮುಂದೆ ನೋಡೋಣ ಎಂದಿದ್ದಾರೆ ವೈದ್ಯರು.

ಸಹೋದರಿಯರೇ, ನಿಮ್ಮ ಮನೆಯಲ್ಲಿ ರಾತ್ರಿಯಿಡೀ ಎಚ್ಚರವಿರುವವರು ಯಾರಾದರೂ ಇದ್ದರೆ ಅವರ ಈಮಾನನ್ನು ಅಳೆಯಬೇಡಿ. ಪಕ್ಕದಲ್ಲಿ ಕುಳಿತು ಅವರ ದುಃಖ ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಶಿಫಾ ನೀಡುವವನು ಅಲ್ಲಾಹನು.